ಫೋಮ್ ರೋಲರ್ ಮತ್ತು ಮಾಲೀಶು: ಭಾರ ಎತ್ತುವವರ ಸ್ನಾಯುನೋವಿನ ಉಪಶಮನ

ಭಾರ ಎತ್ತುವ ವ್ಯಾಯಾಮ ಮಾಡಿದ ಮೇಲೆ ಎರಡು ಮೂರು ದಿನ ಕಾಡುವ ಸ್ನಾಯುನೋವನ್ನು ತಗ್ಗಿಸಲು ಬಳಕೆಯಲ್ಲಿರುವ ಎರಡು ವಿಧಾನಗಳು ಮಾಲೀಶು ಮತ್ತು ಫೋಮ್ ರೋಲರ್. ಮಾಲೀಶಿನಲ್ಲಿ ಇನ್ನೊಬ್ಬರ ಕೈ ಸ್ನಾಯುವನ್ನು ಒತ್ತಿ, ತಿಕ್ಕಿ, ನೀವುತ್ತದೆ. ಫೋಮ್ ರೋಲರ್ ಬಳಸುವವರು ಗಟ್ಟಿ ಫೋಮಿನ ಉರುಳೆಯನ್ನು ನೆಲದ ಮೇಲಿಟ್ಟು, ನೋಯುವ ಭಾಗವನ್ನು ಅದರ ಮೇಲಿರಿಸಿ, ತಮ್ಮದೇ ಮೈಭಾರದಿಂದ ಹಿಂದಕ್ಕೂ ಮುಂದಕ್ಕೂ ಉರುಳುತ್ತಾರೆ. ಎರಡರಿಂದಲೂ ನೋವು ಸ್ವಲ್ಪ ಇಳಿಯುತ್ತದೆ ಎಂಬುದಕ್ಕೆ ಆಧಾರವಿದೆ. ಪೆಟ್ಟಾದ ಸ್ನಾಯುವನ್ನು ಇವು ಬೇಗ ಸರಿಪಡಿಸುತ್ತವೆ ಎಂಬುದಕ್ಕೆ ಇರುವ ಆಧಾರ ತೀರ ತೆಳು. ಜಿಮ್‌ಗಳಲ್ಲಿ ನಡೆಯುವ ಅತಿರೇಕಗಳೆಲ್ಲ ಈ ಎರಡು ಮಾತುಗಳನ್ನು ಒಂದೇ ಎಂದುಕೊಳ್ಳುವುದರಿಂದ ಹುಟ್ಟುತ್ತವೆ.

ಈ ನೋವು ವ್ಯಾಯಾಮ ಮಾಡುವಾಗ ಬರುವುದಿಲ್ಲ. ಮರುದಿನ ಬೆಳಿಗ್ಗೆ ಶುರುವಾಗಿ, 24ರಿಂದ 72 ಗಂಟೆಗಳ ನಡುವೆ ಹೆಚ್ಚಾಗಿ, ಒಂದು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಕೂತಲ್ಲೇ ಇದ್ದರೆ ಅಷ್ಟಾಗಿ ತಿಳಿಯದು. ಮೆಟ್ಟಿಲು ಇಳಿಯುವಾಗ, ನೆಲದಿಂದ ಏಳುವಾಗ, ಯಾರಾದರೂ ಮುಟ್ಟಿ ಒತ್ತಿದಾಗ ತೊಡೆ ಹಿಡಿದುಕೊಳ್ಳುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ಥಿಯೊಡೋರ್ ಹಫ್ 1902ರಲ್ಲೇ ಇದನ್ನು ದಣಿವಿನಿಂದ ಬೇರ್ಪಡಿಸಿ, ಸ್ನಾಯುವಿನೊಳಗಿನ ಸೂಕ್ಷ್ಮ ಸೀಳುಗಳ ಫಲವೆಂದು ವಿವರಿಸಿದ್ದ. ಭಾರ ಹೊತ್ತ ಸ್ನಾಯು ಕುಗ್ಗಲು ಯತ್ನಿಸುತ್ತಲೇ ಉದ್ದವಾಗುವಾಗ, ಅಂದರೆ ಭಾರವನ್ನು ನಿಧಾನವಾಗಿ ಕೆಳಗಿಳಿಸುವಾಗ, ಪೆಟ್ಟು ಹೆಚ್ಚು. ಸ್ನಾಯುತಂತುಗಳ ಒಳಗಿನ ಜೋಡಣೆ ಅಲ್ಲಲ್ಲಿ ಅಸ್ತವ್ಯಸ್ತವಾಗುತ್ತದೆ, ಉರಿಯೂತ ಹುಟ್ಟುತ್ತದೆ, ಅಲ್ಲಿನ ನೋವಿನ ನರತುದಿಗಳು ಸಾಮಾನ್ಯ ಒತ್ತಡಕ್ಕೂ ಚುರುಕಾಗಿ ಪ್ರತಿಕ್ರಿಯಿಸತೊಡಗುತ್ತವೆ. ಬಾರ್ ಅನ್ನು ತಲೆಯ ಮೇಲಿಂದ ಹಾಗೆಯೇ ಕೆಳಗೆ ಬಿಡುವ ಒಲಿಂಪಿಕ್ ಲಿಫ್ಟರ್‌ಗೆ ಸ್ನ್ಯಾಚ್ ಅಭ್ಯಾಸದಿಂದ ಆಗುವ ನೋವಿಗಿಂತ, ನಿಧಾನವಾಗಿ ಇಳಿದು ಏಳುವ ಸ್ಕ್ವಾಟ್‌ನಿಂದ ಆಗುವ ನೋವು ಹೆಚ್ಚಿರುವುದು ಇದರಿಂದಲೇ.

ಲ್ಯಾಕ್ಟಿಕ್ ಆಮ್ಲ ಸ್ನಾಯುವಿನಲ್ಲಿ ಉಳಿದುಬಿಟ್ಟಿದೆ, ಅದನ್ನು ಹಿಂಡಿ ಹೊರಹಾಕಬೇಕು ಎಂದು ಹೇಳುವ ತರಬೇತುದಾರರು ಇಂದಿಗೂ ಇದ್ದಾರೆ. ಇದು ತಪ್ಪು. ವ್ಯಾಯಾಮದಲ್ಲಿ ಏರಿದ ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯೊಳಗೆ ಮಾಮೂಲಿ ಮಟ್ಟಕ್ಕೆ ಇಳಿಯುತ್ತದೆ. ನೋವು ಏರುವುದು ಅದರ ಮರುದಿನ. ಇಳಿಜಾರಿನಲ್ಲಿ ಓಡಿದವರಿಗೆ ಲ್ಯಾಕ್ಟೇಟ್ ಏರದೆಯೇ ತೀವ್ರ ನೋವು ಬಂದದ್ದನ್ನು 1980ರ ದಶಕದ ಪ್ರಯೋಗಗಳು ತೋರಿಸಿವೆ.

ಸಾಮು ಮಾಡಿದ ಮೈಯನ್ನು ತಿಕ್ಕಿಸಿಕೊಳ್ಳುವ ರೂಢಿ ನಮ್ಮಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಅಭ್ಯಾಸಗಳ ನಡುವೆ ಭಾರಶ್ರಮ, ಅಂದರೆ ಭಾರ ಎತ್ತುವ ಸಾಧನೆಯೂ ಸೇರಿದೆ. ಮೈಸೂರಿನ ಗರಡಿಗಳಲ್ಲಿ ದಂಡ, ಬಸ್ಕಿ, ಗದೆ ಮುಗಿದ ಮೇಲೆ ಎಣ್ಣೆ ಹಚ್ಚಿ ಮಾಲೀಶು ಮಾಡುವುದು ತಾಲೀಮಿನದೇ ಭಾಗ. ಕಿರಿಯ ಪೈಲ್ವಾನರು ಹಿರಿಯರ ಮೈ ತಿಕ್ಕುತ್ತಲೇ ಯಾವ ಸ್ನಾಯು ಎಲ್ಲಿ ಗಂಟು ಕಟ್ಟುತ್ತದೆ ಎಂಬುದನ್ನು ಕೈಯಿಂದ ಕಲಿಯುತ್ತಾರೆ. ಕಲಿಕೆಯ ಈ ದಾರಿ ಯಾವ ಸಾಧನವೂ ತುಂಬಿಕೊಡಲಾರದ ಸಂಪತ್ತು. ಫೋಮ್ ರೋಲರ್ ಹೊಸದು. ದೇಹದ ಚಲನೆಯ ಶಿಕ್ಷಣಕ್ಕೆ ಹೆಸರಾದ ಮೋಶೆ ಫೆಲ್ಡೆನ್‌ಕ್ರೈಸ್‌ನ ಅನುಯಾಯಿಗಳಿಂದ ಇದರ ಬಳಕೆ ಬೆಳೆದು, 2000ದ ಬಳಿಕ ಜಿಮ್‌ಗಳಿಗೆ ಹರಡಿತು.

ರೋಲರ್ ಸಾಮಾನ್ಯವಾಗಿ 15 ಸೆಂ.ಮೀ. ವ್ಯಾಸದ್ದು, ಉದ್ದ 30ರಿಂದ 90 ಸೆಂ.ಮೀ. ಹೊಸಬರಿಗೆ ನುಣುಪು ಮೈಯ, ಮೆತ್ತನೆಯ ರೋಲರ್ ಸಾಕು. ಮುಳ್ಳುಮುಳ್ಳಾಗಿ ಗುಬಟುಗಳಿರುವುದರ ಅಗತ್ಯವಿಲ್ಲ. ಮುಂದೊಡೆಗೆ ಬೋರಲು ಮಲಗಿ, ಮೊಣಕೈಗಳ ಮೇಲೆ ಆನಿಕೊಂಡು, ಸೊಂಟದ ಕೆಳಗಿನಿಂದ ಮಂಡಿಯ ಮೇಲ್ಭಾಗದವರೆಗೆ ಉರುಳಬೇಕು. ಹಿಂದೊಡೆ, ಮೀನಖಂಡ ಮತ್ತು ಪೃಷ್ಠಕ್ಕೆ ಕುಳಿತು, ಕೈಗಳನ್ನು ಹಿಂದಕ್ಕೆ ಊರಿ ಉರುಳಬೇಕು. ಬೆನ್ನಿನ ಮೇಲ್ಭಾಗಕ್ಕೆ ರೋಲರ್ ಆಗುತ್ತದೆ. ಪಕ್ಕೆಲುಬಿನ ಆಸರೆಯಿಲ್ಲದ ಸೊಂಟದ ಬೆನ್ನುಮೂಳೆಯ ಮೇಲೆ ನೇರವಾಗಿ ಬೇಡ. ಒಂದೊಂದು ಸ್ನಾಯುಗುಂಪಿಗೆ ಒಂದೂವರೆಯಿಂದ ಎರಡು ನಿಮಿಷ ಕೊಡಬೇಕು, ನಿಧಾನವಾಗಿ, ಉಸಿರು ಬಿಗಿಹಿಡಿಯದೆ. ಹಿತವಾದ ನೋವಿನ ಮಟ್ಟ ದಾಟಿ ಮುಖ ಕಿವುಚುವಂತಾದರೆ ಕೈಕಾಲುಗಳ ಮೇಲೆ ಹೆಚ್ಚು ಭಾರ ಹಾಕಿ ಒತ್ತಡ ಇಳಿಸಬೇಕು. ಗೋಡೆಗೆ ಒರಗಿ ಟೆನಿಸ್ ಚೆಂಡಿನಿಂದ ಭುಜದ ಹಿಂಭಾಗವನ್ನು ಒತ್ತಿಕೊಳ್ಳುವುದೂ ಇದೇ ತತ್ತ್ವದ್ದು. ರೋಲರ್ ಕೊಳ್ಳಲಾಗದವರಿಗೆ ಅಡುಗೆಮನೆಯ ಲಟ್ಟಣಿಗೆಯೇ ತೊಡೆ, ಮೀನಖಂಡಗಳಿಗೆ ಆದೀತು.

ಪ್ರಯೋಗಗಳ ಫಲ ಮಿತವಾದದ್ದು, ಆದರೆ ಒಂದೇ ದಿಕ್ಕಿನದು. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿರುವ ಮೆಮೋರಿಯಲ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 8 ಮಂದಿ ತಲಾ 10 ಸ್ಕ್ವಾಟ್‌ಗಳ 10 ಸೆಟ್ ಮಾಡಿದರು. ಕೂಡಲೇ ಮತ್ತು ಮುಂದಿನ ದಿನಗಳಲ್ಲಿ 20 ನಿಮಿಷ ರೋಲರ್ ಬಳಸಿದಾಗ, ಬಳಸದಿದ್ದಾಗಿನದಕ್ಕಿಂತ ತೊಡೆಯ ನೋವು ಕಡಿಮೆಯಿತ್ತು, ಓಟ ಮತ್ತು ಜಿಗಿತದ ಸಾಮರ್ಥ್ಯದ ಕುಸಿತವೂ ಕಡಿಮೆಯಿತ್ತು. 21 ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆ ನೋವಿನಲ್ಲಿ ಸುಮಾರು ಶೇ. 6ರಷ್ಟು ಸುಧಾರಣೆ ಕಂಡಿತು. ದೊಡ್ಡದಲ್ಲ, ಆದರೆ ನಾಳೆ ಮತ್ತೆ ಅಭ್ಯಾಸಕ್ಕೆ ನಿಲ್ಲಬೇಕಾದವರು ಅದನ್ನು ಬೇಡವೆನ್ನಲಾರರು. ಮಾಲೀಶಿನ ಲೆಕ್ಕ ಇದಕ್ಕಿಂತ ಮೇಲು: ತಣ್ಣೀರು ಸ್ನಾನ, ಬಿಗಿ ಉಡುಪು ಮುಂತಾದ ಉಪಾಯಗಳನ್ನು ಹೋಲಿಸಿ, 99 ಅಧ್ಯಯನಗಳನ್ನು ಒಳಗೊಂಡ 2018ರ ವಿಶ್ಲೇಷಣೆಯಲ್ಲಿ ನೋವು ಮತ್ತು ದಣಿವು ಎರಡನ್ನೂ ಇಳಿಸುವುದರಲ್ಲಿ ಮಾಲೀಶೇ ಮೊದಲ ಸ್ಥಾನ ಪಡೆಯಿತು. ಹಾಗೆಂದು ಅದು ಬಲವನ್ನಾಗಲಿ ವೇಗವನ್ನಾಗಲಿ ಹೆಚ್ಚಿಸುವುದಿಲ್ಲ ಎಂದು 2020ರ ಮತ್ತೊಂದು ಪರಿಶೀಲನೆ ತಿಳಿಸಿದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ 2012ರಲ್ಲಿ, ಸೈಕಲ್ ತುಳಿದು ಸುಸ್ತಾದ 11 ಯುವಕರ ಒಂದು ಕಾಲಿಗೆ ಮಾತ್ರ 10 ನಿಮಿಷ ಮಾಲೀಶು ಮಾಡಿಸಿ, ಎರಡೂ ತೊಡೆಗಳ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿತು. ತಿಕ್ಕಿದ ಕಾಲಿನಲ್ಲಿ ಉರಿಯೂತದ ಸಂಕೇತಗಳು ಇಳಿದಿದ್ದವು. ಲ್ಯಾಕ್ಟೇಟ್‌ನಲ್ಲಿ ಮಾತ್ರ ವ್ಯತ್ಯಾಸವೇ ಇರಲಿಲ್ಲ.

ಒತ್ತುವುದರಿಂದ ನೋವು ಇಳಿಯುವುದು ಹೇಗೆ? ಸ್ನಾಯುವನ್ನು ಸುತ್ತಿದ ಪೊರೆಯ ಅಂಟು ಬಿಡಿಸುತ್ತದೆ ಎಂಬ ವಿವರಣೆ ಮಾರಾಟಗಾರರಿಗೆ ಪ್ರಿಯ. ಆದರೆ ತೊಡೆಯ ಹೊರಪೊರೆಯಂಥ ಗಟ್ಟಿ ಅಂಗಾಂಶದ ಆಕಾರ ಬದಲಿಸಲು ಬೇಕಾದ ಬಲ, ಮನುಷ್ಯ ತಾಳಿಕೊಳ್ಳುವ ಒತ್ತಡಕ್ಕಿಂತ ಬಹಳ ಹೆಚ್ಚು. ನಂಬಲರ್ಹವಾದ ಸುಳಿವು ಬೇರೆಡೆ ಇದೆ: ಒಂದು ಕಾಲಿಗೆ ರೋಲರ್ ಬಳಸಿದರೆ ಮುಟ್ಟದ ಇನ್ನೊಂದು ಕಾಲೂ ಒತ್ತಡದ ನೋವನ್ನು ಸ್ವಲ್ಪ ಹೆಚ್ಚು ತಾಳಿಕೊಳ್ಳುತ್ತದೆ. ಅಂದರೆ ಕೆಲಸದ ಬಹುಭಾಗ ಮಿದುಳು ಮತ್ತು ಬೆನ್ನುಹುರಿ ನೋವಿನ ಸಂದೇಶವನ್ನು ತಗ್ಗಿಸುವುದರಲ್ಲಿ ನಡೆಯುತ್ತದೆ. ಹೆಚ್ಚು ಒತ್ತಿದರೆ ಹೆಚ್ಚು ಗುಣ ಎಂಬ ನಂಬಿಕೆಗೆ ಇಲ್ಲಿ ನೆಲೆಯಿಲ್ಲ. ಕೀಲಿನ ಚಲನೆಯ ವಿಷಯದಲ್ಲಂತೂ ಕಡಿಮೆ ಒತ್ತಡವೂ ಜೋರು ಒತ್ತಡದಷ್ಟೇ ಫಲ ಕೊಟ್ಟಿದೆ. ಮೈ ನೀಲಿಗಟ್ಟುವಂತೆ ತಿಕ್ಕುವುದು ಪೆಟ್ಟಿನ ಮೇಲೆ ಇನ್ನೊಂದು ಪೆಟ್ಟು.

ನೋವು ಬಾರದಂತೆ ತಡೆಯುವ ಅತ್ಯುತ್ತಮ ಉಪಾಯ ಬೇರೆಯೇ ಇದೆ. ಒಂದು ಸಲ ಹಗುರವಾಗಿ ಮಾಡಿದ ಹೊಸ ವ್ಯಾಯಾಮ, ಅದೇ ಸ್ನಾಯುವನ್ನು ಮುಂದಿನ ಹಲವು ವಾರ ಕಾಯುತ್ತದೆ. ಮೊದಲ ವಾರ ಕಡಿಮೆ ಭಾರ, ಕಡಿಮೆ ಸೆಟ್ ಎಂದು ಹಿಡಿತದಲ್ಲಿದ್ದವರಿಗೆ ರೋಲರ್‌ನ ಅಗತ್ಯವೇ ಅಷ್ಟಾಗಿ ಬೀಳುವುದಿಲ್ಲ.

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವವರು, ಮೂಳೆ ಮುರಿದವರು, ಉಬ್ಬಿದ ರಕ್ತನಾಳವುಳ್ಳವರು ಆ ಭಾಗಕ್ಕೆ ಇವೆರಡನ್ನೂ ಬಳಸಬಾರದು. ರಕ್ತ ತೆಳುಮಾಡುವ ಔಷಧ ತೆಗೆದುಕೊಳ್ಳುವವರು ಮತ್ತು ಮಧುಮೇಹದಿಂದ ಕಾಲಿನ ಸ್ಪರ್ಶ ಕುಂದಿದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಎತ್ತುತ್ತಿರುವಾಗಲೇ ಚುಚ್ಚಿದಂತೆ ನೋವಾಗಿ ಊತ, ನೀಲಿ ಕಲೆ ಕಂಡರೆ ಅದು ಸ್ನಾಯು ಹರಿದದ್ದಿರಬಹುದು, ಅಲ್ಲಿ ತಿಕ್ಕುವಂತಿಲ್ಲ. ಬಹುಕಾಲ ಬಿಟ್ಟು ಮತ್ತೆ ಜಿಮ್‌ಗೆ ಬಂದು ಮೊದಲ ದಿನವೇ ಮಿತಿಮೀರಿ ಎತ್ತಿದವರಲ್ಲಿ ಕೈಕಾಲು ಬಿರುಸಾಗಿ ಊದಿ, ಮೂತ್ರ ಕಡುಗಂದಾಗಿ ಹೋದರೆ, ಸತ್ತ ಸ್ನಾಯುಕೋಶಗಳ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಅಪಾಯ ಒದಗಿದೆಯೆಂದೇ ತಿಳಿಯಬೇಕು. ಆಗ ಮಾಲೀಶಿಗಾಗಲಿ ರೋಲರ್‌ಗಾಗಲಿ ಹೊತ್ತು ಕಳೆಯದೆ ಅಂದೇ ಆಸ್ಪತ್ರೆ ಸೇರಬೇಕು.