ಪಕ್ಕವಾದ್ಯದ ಯಂತ್ರೀಕರಣ: ಗುಬ್ಬಿ ಸೀಮೆಯ ರಂಗಸಂಗೀತದ ಹಿನ್ನೆಲೆಯಲ್ಲಿ ಒಂದು ವಿಚಾರ

ಕಡಬವನ್ನೊಳಗೊಂಡ ಗುಬ್ಬಿ ತಾಲ್ಲೂಕಿಗೆ ಕನ್ನಡ ವೃತ್ತಿರಂಗಭೂಮಿಯ ಇತಿಹಾಸದಲ್ಲಿ ವಿಶಿಷ್ಟ ಸ್ಥಾನವುಂಟು. 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರಿಂದ ನಾಡಿನಾದ್ಯಂತ ಹೆಸರಾದ ಗುಬ್ಬಿ ಕಂಪನಿಯ ಕಾಲದ ನಾಟಕಗಳಲ್ಲಿ ಹಾರ್ಮೋನಿಯಮ್ಮೇ ಸಂಗೀತದ ಬೆನ್ನೆಲುಬಾಗಿದ್ದಿತು. ಆಕಾಶವಾಣಿಯು 1940ರಲ್ಲಿ ಈ ವಾದ್ಯವನ್ನು ನಿಷೇಧಿಸಿ, 1971ರಲ್ಲಿ ಆ ನಿರ್ಬಂಧವನ್ನು ಸಡಿಲಿಸಿತು. ರಂಗಭೂಮಿಯಾದರೋ ಅದನ್ನು ಎಂದೂ ಕೈಬಿಡಲಿಲ್ಲ.

ಇದಕ್ಕೆ ಕಾರಣವು ವಾದ್ಯದ ನಾದಕ್ಕಿಂತ ಹೆಚ್ಚಾಗಿ ಅದನ್ನು ನುಡಿಸುವ ಮೇಷ್ಟರಲ್ಲಿದೆ. ಪಾತ್ರಧಾರಿಯು ಕಂದಪದ್ಯವನ್ನು ತಾಳದ ಕಟ್ಟಿಲ್ಲದೆ ರಾಗವಾಗಿ ಎಳೆದು ಹಾಡುವನು. ಎಲ್ಲಿ ನಿಲ್ಲುವನೆಂಬುದು ಅವನಿಗೂ ಮೊದಲೇ ತಿಳಿಯದು. ಸಭಿಕರು ‘ಒನ್ಸ್ ಮೋರ್’ ಎಂದು ಕೂಗಿದರೆ ಹಾಡು ಮತ್ತೆ ಆರಂಭವಾಗುವುದು. ಮಾತು ಮರೆತ ನಟನನ್ನು ನಾಲ್ಕು ಸ್ವರಗಳಿಂದ ಕಾಪಾಡುವುದೂ ಮೇಷ್ಟರ ಹೊಣೆಯೇ. ಹಿಂಬಾಲಿಸುವುದೇ ಇಲ್ಲಿ ವಿದ್ಯೆ.

ಯಂತ್ರದ ಪಕ್ಕವಾದ್ಯವನ್ನು ಈ ಮಾನದಂಡದಿಂದಲೇ ಅಳೆಯಬೇಕೆಂದು ನನ್ನ ಅಭಿಪ್ರಾಯ. ಅಮೆರಿಕದ ವುರ್ಲಿಟ್ಜರ್ ಸಂಸ್ಥೆಯು 1959ರಲ್ಲಿ ತಾಳಯಂತ್ರವನ್ನು ಹೊರತಂದಿತು. 1979ರಲ್ಲಿ ಬೆಂಗಳೂರಿನಲ್ಲಿ ಜಿ. ರಾಜ್ ನಾರಾಯಣ್ ಅವರು ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಶ್ರುತಿಯು ಅಚಲವಾಗಿರತಕ್ಕದ್ದಾದುದರಿಂದ ಆ ಪೆಟ್ಟಿಗೆಯು ಯಾರನ್ನೂ ಹಿಂಬಾಲಿಸಬೇಕಾಗಿರಲಿಲ್ಲ. ಗಾಯಕರು ಅದನ್ನು ಬೇಗನೆ ಒಪ್ಪಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ಅರೇಂಜರ್ ಕೀಬೋರ್ಡಿನ ಸಂಗತಿಯೇ ಬೇರೆ. ರೋಲ್ಯಾಂಡ್ ಸಂಸ್ಥೆಯ ಇ-20 (1988) ಮೊದಲಾದ ಇಂಥ ವಾದ್ಯಗಳಲ್ಲಿ ಎಡಗೈಯು ಸ್ವರಮೇಳವನ್ನು ಒತ್ತಿದೊಡನೆ ಯಂತ್ರವು ಅದಕ್ಕೊಪ್ಪುವ ಮಂದ್ರಸ್ವರವನ್ನೂ ತಾಳವನ್ನೂ ತಾನೇ ಕೂಡಿಸುತ್ತದೆ. ಪಲ್ಲವಿಗೆ ಮರಳುವ ಗಳಿಗೆಯು ಮಾತ್ರ ವಾದಕನ ಕೈಯಲ್ಲೇ ಇರುತ್ತದೆ. 1990ರಲ್ಲಿ ಬಂದ ‘ಬ್ಯಾಂಡ್-ಇನ್-ಎ-ಬಾಕ್ಸ್’ ಎಂಬ ಗಣಕಯಂತ್ರದ ಸಾಫ್ಟ್‌ವೇರಿನಲ್ಲಾದರೆ ಸ್ವರಮೇಳಗಳ ಸರಣಿಯನ್ನೂ ಆವೃತ್ತಿಗಳನ್ನೂ ಮೊದಲೇ ಬರೆದಿಡಬೇಕು. ಮನೆಯಲ್ಲಿ ಕುಳಿತು ಹಾಡು ಕಟ್ಟುವವನಿಗೆ ಇದು ಬಲು ಅನುಕೂಲ, ವಾದ್ಯವೈವಿಧ್ಯವೂ ಅಧಿಕ. ಆದರೆ ‘ಒನ್ಸ್ ಮೋರ್’ ಎಂಬ ಕೂಗು ಅದಕ್ಕೆ ಕೇಳಿಸದು. ಸ್ಥಳದಲ್ಲಿಯೇ ಒತ್ತಿದ ಸ್ವರಮೇಳವನ್ನು ಅನುಸರಿಸುವ ಸಾಫ್ಟ್‌ವೇರುಗಳು ಈಚೆಗೆ ಬಂದಿರುವುದು ನಿಜ. ಆಗ ಅವೂ ಒಂದು ಬಗೆಯ ಕೀಬೋರ್ಡುಗಳೇ ಸರಿ.

ನಮ್ಮ ರಾಗಪದ್ಧತಿಯಲ್ಲಿ ಸ್ವರಮೇಳಕ್ಕೆ ಎಡೆಯಿಲ್ಲವೆಂಬ ಆಕ್ಷೇಪವು ಎರಡಕ್ಕೂ ಸಮಾನವಾಗಿ ತಗಲುತ್ತದೆ. ಹಳ್ಳಿಯ ಪೌರಾಣಿಕ ನಾಟಕಗಳಲ್ಲಿ ಇಂದು ಹಾರ್ಮೋನಿಯಮ್ಮಿನ ಮಗ್ಗುಲಲ್ಲಿ ಕೀಬೋರ್ಡು ಕಾಣಸಿಗುವುದುಂಟು. ಕಂದಪದ್ಯ ಬಂದಾಗ ಅದರ ತಾಳವನ್ನು ನಿಲ್ಲಿಸಲೇಬೇಕಾಗುತ್ತದೆ. ವಾದಕನು ಬಲಗೈ ಒಂದರಿಂದಲೇ, ಹಳೆಯ ಮೇಷ್ಟರಂತೆ, ನಟನ ಮುಖವನ್ನೇ ನೋಡುತ್ತ ನುಡಿಸಬೇಕಾಗುತ್ತದೆ.