ಆಕಾಶವಾಣಿ ಎಂಬ ಹೆಸರಿತ್ತವರು

ಸೊರಬದ ಗುಡಿಗಾರರು ಗಂಧದ ಕೊರಡಿನಲ್ಲಿ ಕೆತ್ತಿದ ಬಳ್ಳಿ ತಲೆಮಾರುಗಳವರೆಗೆ ಉಳಿಯುತ್ತದೆ. ಬಾನುಲಿಯಲ್ಲಿ ಆಡಿದ ಮಾತಿಗೆ ಆ ಭಾಗ್ಯವಿಲ್ಲ. ಆಡಿದೊಡನೆ ಗಾಳಿಗೆ ಸೇರುತ್ತದೆ. ಆದರೂ ಮೈಸೂರಿನಲ್ಲಿ ಆಡಿದ ಒಂದು ಮಾತು ಉಳಿದುಬಂದಿದೆ.

1935ರ ಸೆಪ್ಟೆಂಬರ್ 10ರಂದು ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಯಂತ್ರವನ್ನಿಟ್ಟು ಪ್ರಸಾರವನ್ನು ಆರಂಭಿಸಿದರು. ಅದು ಸರ್ಕಾರದ ಕಾರ್ಯವಲ್ಲ, ಸ್ವಂತ ಸಾಹಸ. ಆ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಪ್ರಸಿದ್ಧಿಯಿದೆ.

1897ರಲ್ಲಿ ಕೇರಳದ ತೃಪ್ಪೂಣಿತ್ತುರದಲ್ಲಿ ಜನಿಸಿದ ಕಸ್ತೂರಿಯವರ ಮನೆಮಾತು ಕನ್ನಡವಲ್ಲ. ಅಧ್ಯಾಪಕರಾಗಿ ಮೈಸೂರಿಗೆ ಬಂದು ಕನ್ನಡವನ್ನು ಕಲಿತರು. ಕಲಿತ ಭಾಷೆಯಲ್ಲಿಯೇ ಕನ್ನಡಿಗರನ್ನು ನಗಿಸಿದರು. ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ಗೆ ಬರೆದರು, ‘ಅನರ್ಥಕೋಶ’ದಲ್ಲಿ ಪದಗಳ ಅರ್ಥವನ್ನೇ ತಲೆಕೆಳಗು ಮಾಡಿದರು.

ಇಂತಹವರು ಹೊಸ ಯಂತ್ರಕ್ಕೆ ಹಳೆಯ ಮಾತನ್ನೇ ಆರಿಸಿಕೊಂಡರೆಂಬುದು ಗಮನಾರ್ಹ. ಕಂಸನನ್ನು ನಡುಗಿಸಿದ ಅಶರೀರವಾಣಿಯ ಕಥೆಯನ್ನು ನಮ್ಮ ಜನ ಹರಿಕಥೆಯಲ್ಲಿ, ಬಯಲಾಟದಲ್ಲಿ ಕೇಳಿದ್ದರು. ರೇಡಿಯೋ ವಿದ್ಯಾವಂತರ ಆಟಿಕೆಯಾಗಿಯೇ ಉಳಿಯುವುದೋ, ಜನರ ಸ್ವತ್ತಾಗುವುದೋ ಎಂದು ತಿಳಿಯದಿದ್ದ ಕಾಲ ಅದು. ಅಕ್ಷರ ಬಾರದ ಅಜ್ಜಿಗೂ ಅರ್ಥವಾಗುವ ಹೆಸರು ಆ ಅಂತರವನ್ನು ಸ್ವಲ್ಪ ಕಡಿಮೆ ಮಾಡಿತು.

1950ರ ದಶಕದಲ್ಲಿ ಭಾರತ ಸರ್ಕಾರವೂ ಅಖಿಲ ಭಾರತ ಬಾನುಲಿಗೆ ಇದೇ ಹೆಸರನ್ನು ಸ್ವೀಕರಿಸಿತು. 1965ರಲ್ಲಿ ಭದ್ರಾವತಿಯಲ್ಲಿ ನಿಲಯ ಆರಂಭವಾಯಿತು. ಸೊರಬ, ಶಿಕಾರಿಪುರಗಳಿರುವ ಶಿವಮೊಗ್ಗ ಜಿಲ್ಲೆಗೆ ತನ್ನದೇ ದನಿ ದೊರೆಯಿತು.

ಕಸ್ತೂರಿಯವರು 1987ರಲ್ಲಿ ತೀರಿಕೊಂಡರು. ಲೇಖಕರ ಪುಸ್ತಕವನ್ನು ಓದುವವರು ಕೆಲವರು. ಅವರಿತ್ತ ಒಂದು ಪದವನ್ನು ದಿನವೂ ಆಡುವವರು ಕೋಟಿ ಜನ.