ವಾಕ್ಯ ಮತ್ತು ಕಲಿಮ: ಬೀದರದ ನೆಲದಲ್ಲಿ ಯೇಸುವಿನ ದೈವತ್ವದ ಪ್ರಶ್ನೆ

ಬೀದರ ನಗರದಲ್ಲಿ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸೆ ಇದೆ. ಅದೇ ನಗರದ ಮಂಗಲಪೇಟೆಯಲ್ಲಿ ಮೆಥೊಡಿಸ್ಟ್ ಕ್ರೈಸ್ತರ ಪ್ರಾರ್ಥನಾಮಂದಿರವಿದೆ. ಎರಡೂ ಕಡೆ ಒಬ್ಬನೇ ಪುರುಷನ ಹೆಸರನ್ನು ಭಕ್ತಿಯಿಂದ ಉಚ್ಚರಿಸುತ್ತ ಬಂದಿದ್ದಾರೆ. ಕುರಾನಿನಲ್ಲಿ ಆತನು ಕನ್ಯೆಯಾದ ಮರಿಯಮಳ ಮಗ ಈಸಾ, ಮಹಾಪ್ರವಾದಿ. ಆದರೆ ದೇವರಲ್ಲ, ದೇವರ ಮಗನೂ ಅಲ್ಲ. ಕ್ರೈಸ್ತರಿಗೆ ಆತನು ದೇವಕುಮಾರನಾದ ಯೇಸು, ಸ್ವತಃ ದೇವರು. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಬೆರೆತಿರುವ ಭಾಲ್ಕಿ, ಔರಾದ ಸೀಮೆಯಲ್ಲಿ ಈ ಭೇದವು ನೆರೆಹೊರೆಯ ಭೇದವೇ ಆಗಿದೆ.

ಎರಡು ಮತಗಳೂ ಆತನಿಗೆ ಒಂದೇ ಅರ್ಥದ ಹೆಸರನ್ನು ಕೊಟ್ಟಿವೆ ಎಂಬುದು ವಿಚಾರಾರ್ಹ. ಕುರಾನು ಆತನನ್ನು ದೇವರ 'ಕಲಿಮ', ಅಂದರೆ ಮಾತು ಎಂದು ಕರೆಯುತ್ತದೆ. ಯೋಹಾನನ ಸುವಾರ್ತೆಯ ಮೊದಲಲ್ಲಿ ಬರುವ ಗ್ರೀಕ್ ಪದ 'ಲೋಗೋಸ್' ಕನ್ನಡ ಬೈಬಲಿನಲ್ಲಿ 'ವಾಕ್ಯ' ಎಂದಾಯಿತು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಮೊದಲಾದವರ ಪರಿಶ್ರಮದಿಂದ ಸಮಗ್ರ ಬೈಬಲು 1831ರ ವೇಳೆಗೆ ಕನ್ನಡಕ್ಕೆ ಬಂದಿತು. ಪದ ಸಮಾನ, ಅರ್ಥ ಬೇರೆ. ಇಸ್ಲಾಮಿನಲ್ಲಿ ಈಸಾ 'ಆಗು' ಎಂಬ ದೇವರ ಆಜ್ಞೆಯಿಂದ ಆದವನು, ಆದ್ದರಿಂದ ಸೃಷ್ಟಿಗೆ ಸೇರಿದವನು. ಯೋಹಾನನಲ್ಲಿಯಾದರೋ ಆ ವಾಕ್ಯವು ಸೃಷ್ಟಿಗೂ ಮೊದಲೇ ದೇವರೊಡನಿದ್ದು, ದೇವರೇ ಆಗಿದ್ದು, ಮುಂದೆ ಮಾಂಸಧಾರಿಯಾಯಿತು.

ಈ ವಾದ ಕ್ರೈಸ್ತರೊಳಗೇ ಒಮ್ಮೆ ಉರಿದೆದ್ದಿತ್ತು. ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಏರಿಯಸ್ ಎಂಬ ಪಾದ್ರಿಯು, ಪುತ್ರನು ಸೃಷ್ಟಿಗಳಲ್ಲಿ ಶ್ರೇಷ್ಠನೇ ಹೊರತು ಅನಾದಿಯಲ್ಲ ಎಂದು ಬೋಧಿಸಿದನು. ಚಕ್ರವರ್ತಿ ಕಾನ್‌ಸ್ಟಂಟೈನನು 325ರಲ್ಲಿ ನೈಸೀಯ ನಗರದಲ್ಲಿ ಧರ್ಮಾಧ್ಯಕ್ಷರ ಸಭೆಯನ್ನು ಕರೆದನು. ಪುತ್ರನು ತಂದೆಯೊಡನೆ ಏಕತತ್ತ್ವನೆಂದು ಸಭೆ ಸಾರಿತು. ಸಾರಿದ ಮಾತ್ರಕ್ಕೆ ಕಲಹ ಅಡಗಲಿಲ್ಲ. ನೈಸೀಯದ ಪಕ್ಷವನ್ನು ಹಿಡಿದ ಅಥನೇಸಿಯಸನು ಐದು ಸಲ ದೇಶಭ್ರಷ್ಟನಾದನು. (ಅರಸರು ತತ್ತ್ವನಿರ್ಣಯಕ್ಕೆ ಕೈಹಾಕಿದಾಗ ಆಗುವುದು ಎಲ್ಲ ದೇಶಗಳಲ್ಲಿಯೂ ಇಷ್ಟೇ.) ಸೃಷ್ಟಿಗೊಂಡವನು ಸೃಷ್ಟಿಯನ್ನು ಉದ್ಧರಿಸಲಾರನು ಎಂಬುದು ಅವನ ವಾದದ ತಿರುಳು. 451ರ ಚಾಲ್ಸೆಡನ್ ಸಭೆಯು ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ, ಎರಡು ಸ್ವಭಾವಗಳುಳ್ಳ ಒಬ್ಬನೇ ವ್ಯಕ್ತಿ ಎಂದು ನಿರ್ಣಯಿಸಿತು. ಕೇರಳದ ಆರ್ಥೊಡಾಕ್ಸ್ ಸಿರಿಯನ್ ಕ್ರೈಸ್ತರು ಯೇಸುವಿನ ದೈವತ್ವವನ್ನು ಒಪ್ಪಿಯೂ ಆ ಸಭೆಯನ್ನು ಇಂದಿಗೂ ಒಪ್ಪಿಲ್ಲ.

ಬೀದರಕ್ಕೆ ಈ ನಂಬುಗೆ ಬಂದುದು ಅಮೆರಿಕದ ಮಾರ್ಗವಾಗಿ. ಜಾನ್ ವೆಸ್ಲಿಯು 1784ರಲ್ಲಿ ಆಂಗ್ಲ ಚರ್ಚಿನ 39 ವಿಧಿಗಳನ್ನು ಸಂಗ್ರಹಿಸಿ ಅಮೆರಿಕದ ತನ್ನ ಅನುಯಾಯಿಗಳಿಗೆ ಕಳುಹಿಸಿದನು. ಅಲ್ಲಿ ಅವು 25 ಆದವು. ಅವುಗಳಲ್ಲಿ ಎರಡನೆಯದು ಚಾಲ್ಸೆಡನ್ನಿನ ನಿರ್ಣಯವನ್ನೇ ಹೇಳುತ್ತದೆ. ಆ ಸಂಪ್ರದಾಯದ ಮಿಷನರಿಗಳು ನಿಜಾಮನ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಶಾಲೆ, ಆಸ್ಪತ್ರೆಗಳೊಡನೆ ನೆಲೆಯೂರಿದರು.

ನಮ್ಮಲ್ಲಿ ಅನೇಕರು ಸೌಜನ್ಯದಿಂದ, 'ಯೇಸುವೂ ಒಬ್ಬ ಅವತಾರಪುರುಷ', 'ಆತನೂ ತೀರ್ಥಂಕರರಂತೆ ಒಬ್ಬ ಮಹಾತ್ಮ' ಎನ್ನುವುದುಂಟು. ಮಾತು ಹಿತವಾದುದು, ಸರಿಯಾದುದಲ್ಲ. ಅವತಾರಗಳು ಹಲವು, ಕ್ರೈಸ್ತರು ಹೇಳುವ ಮನುಷ್ಯಜನ್ಮವು ಒಂದೇ ಒಂದು. ತೀರ್ಥಂಕರನಾದರೋ ಘಾತಿಕರ್ಮಗಳನ್ನು ಕ್ಷಯಗೊಳಿಸಿ ಕೇವಲಜ್ಞಾನಕ್ಕೆ ಏರಿದ ಜೀವ. ಯೇಸುವಿನ ವಿಷಯದಲ್ಲಿ ದೇವರು ಕೆಳಗಿಳಿದನೆಂಬುದು ಅವರ ಶ್ರದ್ಧೆ. ಒಬ್ಬನ ಕರ್ಮವನ್ನು ಇನ್ನೊಬ್ಬನು ಹೊರಲಾರನೆಂದು ನಾವು ಹೇಳುವಲ್ಲಿ, ಹೊತ್ತನೆಂದೇ ಅವರು ಹಾಡುತ್ತಾರೆ. ನೆರೆಯವನ ನಂಬುಗೆಯನ್ನು ನಮ್ಮ ಅಚ್ಚಿನಲ್ಲಿ ಎರಕ ಹೊಯ್ದು ಮೆಚ್ಚುವುದು ಅನೇಕಾಂತವಲ್ಲ. ಅವನ ನಯದಿಂದ ಅವನ ಮಾತನ್ನು ಕೇಳಬೇಕು.

ಹಾಗೆ ಕೇಳಿದರೆ ಇನ್ನೊಂದು ಸಂಗತಿ ತೋರುತ್ತದೆ. ಶಿಲುಬೆಯು ರೋಮನ್ನರು ದಾಸರಿಗೂ ದಂಗೆಕೋರರಿಗೂ ವಿಧಿಸುತ್ತಿದ್ದ ಮರಣ. ಬೀದರ ಸೀಮೆಯಲ್ಲಿ ಕ್ರೈಸ್ತರಾದವರಲ್ಲಿ ಬಹುಮಂದಿ ಊರ ಹೊರಗೆ ಇರಿಸಲ್ಪಟ್ಟಿದ್ದ ಜಾತಿಗಳವರು, ಗುಡಿಯ ಹೊಸ್ತಿಲನ್ನು ತುಳಿಯಗೊಡದವರು. ಯೇಸು ಕೇವಲ ಸತ್ಪುರುಷನಾಗಿದ್ದರೆ, ಅನ್ಯಾಯವಾಗಿ ಸತ್ತ ಇನ್ನೊಬ್ಬ ಬಡವನ ಕಥೆಯಾಗಿ ಅದು ಅವರಿಗೆ ಕೇಳಿಸುತ್ತಿತ್ತು. ಅಂಥ ಕಥೆಗಳಿಗೆ ಅವರ ಕೇರಿಗಳಲ್ಲಿ ಕೊರತೆಯಿರಲಿಲ್ಲ. ಊರ ಹೊರಗೆ ಹಾಗೆ ಸತ್ತವನು ದೇವರೇ ಎಂಬುದು ಅವರು ಕೇಳಿದ ಹೊಸ ಮಾತು.